ಒಡವೆ ಕೊಟ್ಟ ಸಂತ ರಾಣಿ

ಮಾನ್ಯ ಸಂಪಾದಕರೇ,

ಮಧ್ಯಯುಗದ ಯುರೋಪಿನಲ್ಲಿ ಸಂತಪದವಿಗೇರಿದ ರಾಣಿಯರ ಮಾತು ಬಂದರೆ ಪವಾಡಗಳದ್ದೇ ಕಾರುಬಾರು. ಪೋರ್ಚುಗಲ್‌ನ ಇಸಾಬೆಲ್ ಬಡವರಿಗೆಂದು ಮಡಿಲಲ್ಲಿ ಒಯ್ಯುತ್ತಿದ್ದ ರೊಟ್ಟಿ ಗುಲಾಬಿಯಾಯಿತಂತೆ. (ಇದೇ ಕಥೆಯನ್ನು ಹಂಗೆರಿಯ ಎಲಿಜಬೆತ್ ಬಗ್ಗೆಯೂ ಹೇಳುತ್ತಾರೆ!) ನನಗೆ ಮಾತ್ರ ಪೋಲೆಂಡಿನ ಯಾದ್ವಿಗಾ ಇವರೆಲ್ಲರಿಗಿಂತ ದೊಡ್ಡವಳಾಗಿ ಕಾಣುತ್ತಾಳೆ.

1384ರಲ್ಲಿ ಕ್ರಾಕೋವ್‌ನಲ್ಲಿ ಪಟ್ಟ ಕಟ್ಟಿದಾಗ ಆಕೆಗೆ ಸುಮಾರು ಹತ್ತು ವರ್ಷ. ಆಸ್ಟ್ರಿಯಾದ ವಿಲ್ಹೆಲ್ಮ್ ಜೊತೆ ಎಳವೆಯಲ್ಲೇ ಗೊತ್ತಾಗಿದ್ದ ಸಂಬಂಧ ಮುರಿದು, 1386ರಲ್ಲಿ ವಯಸ್ಸಿನಲ್ಲಿ ಬಹಳ ಹಿರಿಯನಾದ ಲಿಥುವೇನಿಯಾದ ದೊರೆ ಯೊಗೈಲಾಗೆ ಮದುವೆ ಮಾಡಿದರು. ಅದು ಅಪ್ಪಟ ರಾಜಕೀಯ; ಅದರಲ್ಲಿ ಸಂತತನ ಹುಡುಕುವುದು ಕಷ್ಟ. ಆದರೆ 1399ರಲ್ಲಿ, ಹೆತ್ತ ಹೆಣ್ಣುಮಗು ತೀರಿಕೊಂಡ ಕೆಲವೇ ದಿನಗಳಲ್ಲಿ ತಾನೂ ಸಾಯುವಾಗ, ಸೊರಗಿಹೋಗಿದ್ದ ಕ್ರಾಕೋವ್ ವಿಶ್ವವಿದ್ಯಾಲಯಕ್ಕೆ ತನ್ನ ಒಡವೆಗಳನ್ನು ಬಿಟ್ಟುಹೋದಳು. ಮರುವರ್ಷವೇ ಅದು ಮತ್ತೆ ಜೀವ ಪಡೆಯಿತು. ಮುಂದೆ ಕೊಪರ್ನಿಕಸ್ ಓದಿದ್ದು ಅಲ್ಲೇ. 1949ರಲ್ಲಿ ಆಕೆಯ ಗೋರಿ ತೆರೆದಾಗ ಸಿಕ್ಕ ರಾಜದಂಡ ಬಂಗಾರದ್ದಲ್ಲ, ಮರದ್ದು!

ಜನ ಆಕೆಯನ್ನು ಮೊದಲಿನಿಂದಲೂ ಪೂಜ್ಯಳೆಂದೇ ಕಂಡರು. ಚರ್ಚು ಸಂತಳೆಂದು ಘೋಷಿಸಿದ್ದು ಮಾತ್ರ 1997ರಲ್ಲಿ, ಪೋಲೆಂಡಿನವರೇ ಆದ ಎರಡನೇ ಜಾನ್ ಪಾಲ್ ಪೋಪ್ ಆಗಿದ್ದಾಗ. ಸುಮಾರು 600 ವರ್ಷ ತಡ. ಗುಲಾಬಿಯ ಕಥೆಗಳು ಇರಲಿ, ಬೇಡವೆನ್ನುವುದಿಲ್ಲ. ನಿಮ್ಮ ಭಾನುವಾರದ ಪುರವಣಿಯಲ್ಲಿ ಯಾದ್ವಿಗಾಳಂಥವರ ಬಗ್ಗೆಯೂ ವಿವರವಾದ ಲೇಖನ ಬರಲಿ ಎಂದು ಕೋರುತ್ತೇನೆ.

– ಓದುಗ, ಧಾರವಾಡ