ವೈವಾ ಮುಗಿಯಿತು, ಈಗ ಥ್ಯಾಂಕ್ಸ್ ಹೇಳುವ ಸರದಿ

ಅಂತೂ ಇಂತೂ ಪಿಎಚ್‌ಡಿ ವೈವಾ ಮುಗಿಯಿತು. ಥೀಸಿಸ್‌ನಲ್ಲಿ ಸಣ್ಣಪುಟ್ಟ ತಿದ್ದುಪಡಿ ಇದೆ, ಅಷ್ಟೇ. ಹಾರೈಸಿದವರಿಗೆಲ್ಲ ಥ್ಯಾಂಕ್ಸ್. "ಲಂಡನ್ನಿನಲ್ಲಿ ಕೂತು ಇಷ್ಟು ವರ್ಷ ಮಾಡಿದ್ದೇನಮ್ಮಾ?" ಅಂತ ಕೇಳಿದ ಚಿಕ್ಕಪ್ಪನಿಗೂ ಇಲ್ಲೇ ಉತ್ತರ ಹೇಳಿಬಿಡುತ್ತೇನೆ.

ಸ್ಕ್ಯಾನಿಂಗ್ ಅಯಾನ್ ಕಂಡಕ್ಟೆನ್ಸ್ ಮೈಕ್ರೋಸ್ಕೋಪ್ ಅನ್ನುವ ಉಪಕರಣದಿಂದ, ಬದುಕಿರುವ ಜೀವಕೋಶವನ್ನು ಮುಟ್ಟದೆ ಅದರ ಮೇಲ್ಮೈಯ ಚಿತ್ರ ತೆಗೆಯುವುದು ನನ್ನ ಕೆಲಸ. ಇದರಲ್ಲಿರುವ ಪಿಪೆಟ್ಟಿನ, ಅಂದರೆ ಗಾಜಿನ ಸಣ್ಣ ಕೊಳವೆಯ, ತುದಿಯ ತೂತು ಸುಮಾರು 100 ನ್ಯಾನೋಮೀಟರ್. ಒಳಗೆ ಉಪ್ಪಿನ ದ್ರಾವಣ, ಅದರಲ್ಲೊಂದು ಬೆಳ್ಳಿ ತಂತಿ. ದ್ರಾವಣದ ಅಯಾನುಗಳು, ಅಂದರೆ ವಿದ್ಯುದಾವೇಶವಿರುವ ಕಣಗಳು, ತೂತಿನ ಮೂಲಕ ಕರೆಂಟ್ ಒಯ್ಯುತ್ತವೆ. ತುದಿ ಕೋಶದ ಹತ್ತಿರ ಹೋದರೆ ಅವುಗಳಿಗೆ ದಾರಿ ಕಿರಿದಾಗಿ ಕರೆಂಟ್ ಇಳಿಯುತ್ತದೆ. ಶೇ. 1ರಷ್ಟು ಇಳಿದರೂ ಸಾಕು, ಪಿಪೆಟ್ ತಟ್ಟನೆ ಮೇಲೇಳುತ್ತದೆ. ಕಾವಲಿ ಕಾದಿದೆಯಾ ಅಂತ ಮುಟ್ಟದೆ, ಅದರ ಮೇಲೆ ಅಂಗೈ ಹಿಡಿದು ನೋಡುತ್ತೇವಲ್ಲ, ಹಾಗೆ. ಚುಕ್ಕೆ ಚುಕ್ಕೆಗೂ ಹೀಗೆ ಎತ್ತರ ಅಳೆದರೆ ಚಿತ್ರವಾಗುತ್ತದೆ. 1989ರಲ್ಲಿ ಕ್ಯಾಲಿಫೋರ್ನಿಯಾದ ಪಾಲ್ ಹ್ಯಾನ್ಸ್ಮಾ ತಂಡ ಈ ಮೈಕ್ರೋಸ್ಕೋಪ್ ಕಟ್ಟಿತು. 1997ರಲ್ಲಿ ಇದೇ ಲಂಡನ್ನಿನ ಯೂರಿ ಕೊರ್ಚೆವ್ ಮತ್ತು ಜೊತೆಗಾರರು ಜೀವಂತ ಕೋಶಕ್ಕೆ ಒಗ್ಗಿಸಿದರು. ಚುಕ್ಕೆಗೊಮ್ಮೆ ಮೇಲೆದ್ದು ಇಳಿಯುವ ವಿಧಾನ ಬಂದದ್ದು 2009ರಲ್ಲಿ. ಅದಿಲ್ಲದಿದ್ದರೆ ನರಕೋಶದ ಏರುತಗ್ಗಿಗೆ ಪಿಪೆಟ್ ಡಿಕ್ಕಿ ಹೊಡೆಯುತ್ತಿತ್ತು. ಇವರೆಲ್ಲರ ಋಣ ನನ್ನ ಮೇಲಿದೆ.

ಅದಕ್ಕಿಂತ ಜಾಸ್ತಿ ಋಣ ನಮ್ಮ ಲ್ಯಾಬಿನ ಟೆಕ್ನೀಷಿಯನ್ ಅವರದು. ಲೇಸರಿನಿಂದ ಗಾಜು ಕಾಯಿಸಿ ಎಳೆದು ಪಿಪೆಟ್ ಮಾಡುವ ಯಂತ್ರ ಬಲು ಹಟಮಾರಿ. ಅದೇ ಸೆಟ್ಟಿಂಗ್ ಇಟ್ಟರೂ ನಿನ್ನೆಯಂಥ ತುದಿ ಇವತ್ತು ಬರುವುದಿಲ್ಲ. ತೂತು ಕಣ್ಣಿಗೆ ಕಾಣುವುದಿಲ್ಲ, ಕರೆಂಟ್ ಎಷ್ಟು ಹರಿಯುತ್ತದೆ ಅಂತ ನೋಡಿಯೇ ಅಳತೆ ಅಂದಾಜು ಮಾಡಬೇಕು. ಅವರು ಪಿಪೆಟ್ ತುಂಬಿಸಿ, ಉಗುರಿನಿಂದ ಟಿಕ್ ಟಿಕ್ ಅಂತ ತಟ್ಟಿ, ಗುಳ್ಳೆ ಮೇಲೇರುವವರೆಗೆ ಬೆಳಕಿಗೆ ಹಿಡಿದು ನೋಡುತ್ತಿದ್ದರು. ನನಗೆ ಆ ಕೈಚಳಕ ಪೂರ್ತಿ ಬಂದಿಲ್ಲ ಬಿಡಿ.

ಈ ಉಪಕರಣಕ್ಕೆ ಅಲುಗಾಟ ಅಂದರೆ ಆಗುವುದಿಲ್ಲ. ನನ್ನ ಸ್ಕ್ಯಾನ್ ಮುಗಿಯಲಿ ಅಂತ ವ್ಯಾಕ್ಯೂಮ್ ಕ್ಲೀನರ್ ಆಫ್ ಮಾಡಿ, ಕಾರಿಡಾರಿನಲ್ಲಿ ಸುಮ್ನೆ ಕಾದ ಕ್ಲೀನಿಂಗ್ ಅಕ್ಕನಿಗೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಕಡಿಮೆ. ಥೀಸಿಸ್ಸಿನ ಮೂರನೇ ಅಧ್ಯಾಯದ ಚಿತ್ರಗಳಲ್ಲಿ ಅವರ ಪಾಲೂ ಇದೆ. ಭಾನುವಾರ ನನ್ನ ಕೋಶಗಳ ಮೀಡಿಯಂ (ಅವು ಬೆಳೆಯುವ ಪೋಷಕ ದ್ರವ) ಬದಲಿಸಿದ ಗೆಳತಿಗೆ ಊಟ ಬಾಕಿ ಇದೆ, ಮರೆತಿಲ್ಲ.

ಅಪ್ಪ, ಅಮ್ಮ, ನಿಮಗೆ ಇಲ್ಲಿ ಏನೂ ಬರೆಯುವುದಿಲ್ಲ. ಮುಂದಿನ ತಿಂಗಳು ಊರಿಗೆ ಬಂದು ಎದುರಿಗೇ ಹೇಳುತ್ತೇನೆ. ನರಕೋಶದ ಚಿತ್ರ ಒಂದಕ್ಕೆ ಫ್ರೇಮ್ ಹಾಕಿಸಿದ್ದೇನೆ, ಗೋಡೆಯಲ್ಲಿ ಜಾಗ ಮಾಡಿಡಿ.