ಕುರ್ಚಿ ಹೊತ್ತು ತಂದವರಿಗೆ

ಕಳೆದ ಶನಿವಾರ, ಎರಡು ವರ್ಷದ ಮೇಲೆ, ಮತ್ತೆ ಬೌಲಿಂಗ್ ಮಾಡಿದೆ. ಆರು ಓವರ್, ಒಂದು ವಿಕೆಟ್. ನಮ್ಮದು ಹಳ್ಳಿಯ ಸಣ್ಣ ಕ್ಲಬ್, ನೋಡುವುದಕ್ಕೆ ಬಂದವರು ಹತ್ತು ಜನ ಇದ್ದರೆ ಹೆಚ್ಚು. ರಾತ್ರಿ ಮಲಗುವಾಗ ಕಾಲಿನ ಹೆಬ್ಬೆರಳು ಮುಟ್ಟಿ ನೋಡಿಕೊಂಡೆ. ನೋವಿರಲಿಲ್ಲ. ಆಗಲೇ ಅಂದುಕೊಂಡೆ, ಇದನ್ನು ಬರೆಯಬೇಕು ಅಂತ.

ನನಗೆ ಬಂದಿದ್ದು ಗೌಟ್, ಕೀಲು ಊದಿ ನೋಯುವ ಕಾಯಿಲೆ. ರಾತ್ರಿ ಎರಡು ಗಂಟೆಗೆ ಹೆಬ್ಬೆರಳಿನ ಬುಡ ಕೆಂಪಗೆ ಊದಿಕೊಂಡಿತ್ತು. ಹೊದಿಕೆ ತಾಗಿದರೂ ಜೀವ ಹೋದಂತೆ ಆಗುತ್ತಿತ್ತು. ಮೊದಲು ತೋರಿಸಿದ ಕಡೆ ಉಳುಕು ಅಂದರು. ತಿಂಗಳುಗಟ್ಟಲೆ ಹಾಗೇ ಕಳೆಯಿತು. ಆಮೇಲೆ ಒಬ್ಬ ಡಾಕ್ಟರ್ ರಕ್ತ ಪರೀಕ್ಷೆ ಮಾಡಿಸಿ, ಯೂರಿಕ್ ಆಸಿಡ್ ಜಾಸ್ತಿ ಇದೆ ಅಂತ ಹೇಳಿ, ಸರಿಯಾದ ಮಾತ್ರೆ ಕೊಟ್ಟರು. ಅವರಿಗೆ ಮೊದಲ ನಮಸ್ಕಾರ.

ಕೋಲು ಊರಿಕೊಂಡು ಮೊದಲ ಸಲ ಮೈದಾನಕ್ಕೆ ಹೋದ ದಿನ ನಮ್ಮ ಸ್ಕೋರರ್ ಏನೂ ಕೇಳಲಿಲ್ಲ. ಪೆವಿಲಿಯನ್‌ನಿಂದ ಕೈಯಿರುವ ಮರದ ಕುರ್ಚಿ ಹೊತ್ತು ತಂದು ಬೌಂಡರಿ ಪಕ್ಕ ಇಟ್ಟರು. 'ಕೂತ್ಕೋ. ಈ ಊರ ಸುತ್ತಮುತ್ತಲಿನವನೇ ಒಬ್ಬ ದೊಡ್ಡ ಬೌಲರ್ ಹಿಂದೆ ಹೀಗೇ ಕೂರ್ತಿದ್ದ' ಅಂದರು.

ಅವನ ಹೆಸರು ಡೇವಿಡ್ ಹ್ಯಾರಿಸ್. ನಾನಿರುವುದು ಇಂಗ್ಲೆಂಡಿನ ಹ್ಯಾಂಪ್‌ಶೈರ್‌ನ ಫ್ಲೀಟ್‌ನಲ್ಲಿ. ಅವನು 1755ರಲ್ಲಿ ಹುಟ್ಟಿದ ಎಲ್ವೆಥಮ್ ಒಂದು ಕಡೆ, ಬದುಕಿ ಸತ್ತ ಕ್ರುಕಮ್ ಇನ್ನೊಂದು ಕಡೆ, ಎರಡೂ ಇಲ್ಲೇ ಪಕ್ಕದಲ್ಲಿ. ಇಷ್ಟು ವರ್ಷ ಆ ರಸ್ತೆಯಲ್ಲಿ ಸುಮ್ನೆ ಓಡಾಡಿದ್ದೆ, ಗೊತ್ತೇ ಇರಲಿಲ್ಲ. ಹ್ಯಾರಿಸ್ ಕುಂಬಾರ. ಮಣ್ಣು ನಾದುವ ಕೈಯಲ್ಲೇ ಆಗಿನ ಹೆಸರಾಂತ ಹ್ಯಾಂಬಲ್ಡನ್ ಕ್ರಿಕೆಟ್ ಕ್ಲಬ್‌ಗೆ ಚೆಂಡು ಹಾಕುತ್ತಿದ್ದ. ಶುರುವಿನಲ್ಲಿ ಫುಲ್ ಟಾಸ್, ಅಂದರೆ ನೆಲಕ್ಕೆ ತಾಗದೆ ನೇರ ಬ್ಯಾಟಿಗೇ ಹೋಗುವ ಚೆಂಡು, ಜಾಸ್ತಿ ಬೀಳುತ್ತಿದ್ದವಂತೆ. ಕ್ಲಬ್ಬಿನ ಹಿರಿಯ ರಿಚರ್ಡ್ ನೈರನ್ ಅವನಿಗೆ ಲೆಂಗ್ತ್, ಅಂದರೆ ಚೆಂಡನ್ನು ಸರಿಯಾದ ಜಾಗದಲ್ಲಿ ನೆಲಕ್ಕೆ ಬೀಳಿಸುವುದನ್ನು, ಕಲಿಸಿದರು.

ಆಗ ಎಲ್ಲರದ್ದೂ ಅಂಡರ್‌ಆರ್ಮ್, ಕೈಯನ್ನು ಭುಜದ ಮೇಲೆ ಎತ್ತದೆ ಕೆಳಗಿಂದಲೇ ಹಾಕುವ ಬೌಲಿಂಗ್. ಹ್ಯಾರಿಸ್ ಸಿಪಾಯಿಯ ಹಾಗೆ ನೆಟ್ಟಗೆ ನಿಂತು, ಚೆಂಡನ್ನು ಹಣೆಯ ತನಕ ಎತ್ತಿ, ಬಲಗಾಲು ಹಿಂದಕ್ಕೆ ಎಳೆದು ಓಟ ಶುರು ಮಾಡುತ್ತಿದ್ದ. ಕಂಕುಳ ಹತ್ತಿರದಿಂದ ತಿರುಚಿ ಬಿಟ್ಟ ಚೆಂಡು ನೆಲಕ್ಕೆ ಬಿದ್ದ ತಕ್ಷಣ ಚಿಮ್ಮುತ್ತಿತ್ತು. ಬ್ಯಾಟ್ಸ್‌ಮನ್‌ಗಳ ಕೈಗೆ ಗ್ಲೌಸ್ ಇಲ್ಲದ ಕಾಲ. ಬೆರಳು ಜಜ್ಜಿಹೋಗುತ್ತಿದ್ದವು. ಅವನ ಮುಂದೆ ಕ್ರೀಸಿಗೆ ಅಂಟಿಕೊಂಡು ಆಡುವುದು ಆಗಲೇ ಇಲ್ಲ. ಮುಂದಕ್ಕೆ ಬಂದು ಆಡುವುದನ್ನು ಕಲಿಯಲೇಬೇಕಾಯಿತು. ಅವನಿಗೂ ಗೌಟ್ ಬಂತು. ಊರುಗೋಲು ಹಿಡಿದು ಮೈದಾನಕ್ಕೆ ಬರುತ್ತಿದ್ದ. ದೊಡ್ಡ ಕೈಕುರ್ಚಿಯೊಂದನ್ನು ಮೈದಾನದೊಳಕ್ಕೇ ತಂದಿಡುತ್ತಿದ್ದರು. ಒಂದು ಚೆಂಡು ಹಾಕಿ ಕೂರುವುದು, ಎದ್ದು ಇನ್ನೊಂದು ಹಾಕುವುದು. ಅವನ ಬೌಲಿಂಗ್ ಹೇಗಿತ್ತು ಅಂತ ರಿಚರ್ಡ್ ಮಗ ಜಾನ್ ನೈರನ್ 1833ರಲ್ಲಿ ಬರೆದಿಟ್ಟಿದ್ದಾರೆ. ಹ್ಯಾರಿಸ್ 1803ರಲ್ಲಿ, ಐವತ್ತು ತುಂಬುವ ಮೊದಲೇ, ತೀರಿಕೊಂಡ. ಗೌಟ್‌ಗೆ ನನಗೆ ಸಿಕ್ಕ ಮಾತ್ರೆ ಅವನ ಕಾಲದಲ್ಲಿ ಇರಲಿಲ್ಲ. ಅದನ್ನು ನೆನೆದರೆ ಈಗಲೂ ಗಂಟಲು ಕಟ್ಟುತ್ತದೆ.

ನಾನು ಮತ್ತೆ ಮತ್ತೆ ಯೋಚಿಸಿದ್ದು ಆ ಕುರ್ಚಿ ತಂದವರ ಬಗ್ಗೆ. ಯಾರೋ ಅದನ್ನು ಹೊತ್ತಿದ್ದಾರೆ, ಅಲ್ವಾ? ಓವರ್ ಮುಗಿದಾಗ ಎತ್ತಿಟ್ಟಿದ್ದಾರೆ. ಅವರ ಹೆಸರು ಎಲ್ಲೂ ಇಲ್ಲ.

ನನ್ನವರ ಹೆಸರನ್ನೂ ಇಲ್ಲಿ ಹಾಕುತ್ತಿಲ್ಲ, ಅವರಿಗೆ ಮುಜುಗರ. ಆದರೆ ಮಾಡಿದ್ದನ್ನು ಹೇಳಲೇಬೇಕು. ಹೆಂಡತಿ ಮನೆಯ ಅಡುಗೆಯನ್ನೇ ಬದಲಾಯಿಸಿದಳು, ನನಗೆ ಬೇಡದ್ದನ್ನು ತಾನೂ ತಿನ್ನಲಿಲ್ಲ. ಅಮ್ಮ ಊರಿಂದ ದಿನಾ ಫೋನ್ ಮಾಡಿ 'ನೀರು ಕುಡಿದ್ಯಾ' ಅಂತ ಕೇಳಿದರು. ಒಬ್ಬ ಗೆಳೆಯ ಚಳಿಗಾಲವಿಡೀ ಕಾರಿನಲ್ಲಿ ನೆಟ್ಸ್‌ಗೆ ಕರೆದುಕೊಂಡು ಹೋದ. ಅವನ ಹದಿನಾಲ್ಕು ವರ್ಷದ ಮಗ ಲೆಂಗ್ತ್ ಜಾಗದಲ್ಲಿ ಕರವಸ್ತ್ರ ಹಾಸುತ್ತಿದ್ದ. ನಾನು ನಿಂತಲ್ಲಿಂದಲೇ ಚೆಂಡು ಹಾಕುತ್ತಿದ್ದೆ. ನಾನು ಬಗ್ಗಬಾರದು ಅಂತ ಪ್ರತಿ ಚೆಂಡನ್ನೂ ಓಡಿ ಬಂದು ಕೈಗೇ ಕೊಡುತ್ತಿದ್ದ. ಒಂದು ದಿನ ಹನ್ನೊಂದು ಚೆಂಡು ಕರವಸ್ತ್ರದ ಮೇಲೆ ಬಿತ್ತು. ಆ ಮಗು ಎಣಿಸಿ ಹೇಳಿದ್ದು.

ಶನಿವಾರದ ವಿಕೆಟ್ ಸ್ಲಿಪ್‌ನಲ್ಲಿ ಕ್ಯಾಚ್. ಹಿಡಿದಿದ್ದು ಆ ಹುಡುಗನ ಅಪ್ಪ. ಹ್ಯಾರಿಸ್ ಕಾಲದಲ್ಲಿ ಕ್ಯಾಚ್ ಆದರೆ ಹಿಡಿದವನ ಹೆಸರು ಮಾತ್ರ ಬರೆಯುತ್ತಿದ್ದರು, ಬೌಲರ್ ಹೆಸರು ಇರುತ್ತಿರಲಿಲ್ಲ. ಅವನ ಎಷ್ಟೋ ವಿಕೆಟ್ ಹಾಗೆ ಲೆಕ್ಕಕ್ಕೇ ಸಿಗದೆ ಹೋದವು. ಈ ವಿಕೆಟ್ಟಿಗೆ ಗೆಳೆಯನ ಹೆಸರೊಂದೇ ಬರೆದಿದ್ದರೂ ನನಗೆ ಸಂತೋಷವೇ.

ನಮ್ಮ ಸ್ಕೋರರ್‌ಗೆ ಈಗ ಮೊಣಕಾಲು ನೋವು, ಮುಂದಿನ ತಿಂಗಳು ಆಪರೇಷನ್. ಶನಿವಾರ ಬೆಳಗ್ಗೆ ಸ್ವಲ್ಪ ಬೇಗ ಹೋಗಿ, ಆ ಮರದ ಕುರ್ಚಿಯನ್ನು ಒರೆಸಿ, ಅವರ ಮೇಜಿನ ಹತ್ತಿರಕ್ಕೆ ನಾನೇ ಹೊತ್ತು ತಂದಿಟ್ಟೆ.