ಮ್ಯಾಟಿನ ಅಂಚಿನಿಂದ, ಗೆಳೆಯನಿಗೆ

ಭೋಸರಿ, ಪುಣೆ
ಭಾನುವಾರ ರಾತ್ರಿ

ಪ್ರೀತಿಯ ದೋಸ್ತ,

ಭುಜ ಹೇಗಿದೆ ಅಂತ ಮೂರು ಸಲ ಕೇಳಿದ್ದೀಯ. ಈಗ ಪರವಾಗಿಲ್ಲ. ಕೈ ಮೇಲೆತ್ತಬಹುದು. ಆದರೆ ಇನ್ನೂ ಆರು ವಾರ ಜೋರ್, ಅಂದರೆ ಅಭ್ಯಾಸದ ಕುಸ್ತಿ ಕೂಡ, ಮಾಡುವ ಹಾಗಿಲ್ಲ ಅಂದಿದ್ದಾರೆ ಡಾಕ್ಟರು. ಅಲ್ಲಿಗೆ ಈ ವರ್ಷದ ಶಾಲಾ ಕುಸ್ತಿ ಮುಗಿಯಿತು. ಹನ್ನೆರಡನೇ ತರಗತಿ, ಕೊನೆಯ ವರ್ಷ ಬೇರೆ. ಮೊದಲ ವಾರ ಅಮ್ಮ ಊಟಕ್ಕೆ ಕರೆದರೂ ಏಳುತ್ತಿರಲಿಲ್ಲ.

ಆಮೇಲೆ ಇಲ್ಲಿನ ಕುಸ್ತಿ ಗುರುಗಳು, ನಮ್ಮ ವಸ್ತಾದರು, ಹೇಳಿ ಕಳಿಸಿದರು. ತಾಲೀಮಿಗೆ (ಇಲ್ಲಿ ಗರಡಿ ಮನೆಗೆ ಹಾಗನ್ನುತ್ತಾರೆ) ಹೋದೆ. "ಶಾಲೆಯ ಸಣ್ಣ ಹುಡುಗರನ್ನ ನೀನು ನೋಡ್ಕೋ. ಆದರೆ ಎರಡು ದಿನ ಬಾಯಿ ತೆಗೀಬೇಡ, ಸುಮ್ನೆ ನೋಡು" ಅಂದರು. ಸುಮ್ಮನಿರೋದು ಎಷ್ಟು ಕಷ್ಟ ಗೊತ್ತಾ? ಕಣ್ಣೆದುರೇ ಒಬ್ಬ ತಪ್ಪು ಮಾಡುತ್ತಿರುತ್ತಾನೆ, ನಾಲಿಗೆ ತುದಿಗೆ ಮಾತು ಬಂದಿರುತ್ತೆ. ಆದರೂ ಕೂತೆ. ಎರಡನೇ ದಿನದ ಹೊತ್ತಿಗೆ ಒಂದು ವಿಷಯ ಕಾಣಿಸಿತು. ಅಷ್ಟು ದಿನ ನಾನು ಬರೀ ಅವರ ಕೈ ನೋಡುತ್ತಿದ್ದೆ. ಕುಸ್ತಿ ಕೆಡುತ್ತಿದ್ದದ್ದು ಕಾಲಲ್ಲಿ.

ಒಬ್ಬ ಹುಡುಗನ ಬಗ್ಗೆ ನಿನಗೆ ಹೇಳಲೇಬೇಕು. ಒಂಬತ್ತನೇ ತರಗತಿ. ಯಾದಗಿರಿ ಕಡೆಯವನು, ಅಪ್ಪ ಇಲ್ಲಿ ಸೆಂಟ್ರಿಂಗ್ ಕೆಲಸಕ್ಕೆ ಹೋಗುತ್ತಾರೆ. ಗಿಡ್ಡ, ಆದರೆ ಸೊಂಟ ಗಟ್ಟಿ. ಮರಾಠಿ ಅರ್ಥವಾಗುತ್ತೆ, ಆದರೆ ಗಾಬರಿಯಾದಾಗ ಕನ್ನಡ ಬಿಟ್ಟು ಬೇರೇನೂ ತಲೆಗೆ ಹೋಗಲ್ಲ. ಗೋಡೆಯ ಮೇಲೆ ಮಾರುತಿಯ ಪಕ್ಕದಲ್ಲಿರುವ ಖಾಶಾಬಾ ಜಾಧವರ ಫೋಟೋ ನೋಡಿ "ಇವರೆಷ್ಟು ಕಿಲೋ ಅಣ್ಣಾ?" ಅಂತ ಕೇಳಿದ. 57 ಅಂದೆ. ಕರಾಡ್ ಹತ್ತಿರದ ಗೋಳೇಶ್ವರದಿಂದ ಹೊರಟು, 1952ರಲ್ಲಿ ಹೆಲ್ಸಿಂಕಿಯಲ್ಲಿ ಕಂಚು ಗೆದ್ದು, ಸ್ವತಂತ್ರ ಭಾರತಕ್ಕೆ ಮೊದಲ ವೈಯಕ್ತಿಕ ಒಲಿಂಪಿಕ್ ಪದಕ ತಂದವರು ಇವರೇ ಅಂತ ಹೇಳಿದೆ. "ಅಷ್ಟೇನಾ ತೂಕ!" ಅಂದವನು ಎಷ್ಟೋ ಹೊತ್ತು ಅಲ್ಲೇ ನಿಂತಿದ್ದ.

ಅವನಿಗೆ ಏಕೇರಿ ಪಟ್ ಕಲಿಸೋಕೆ ಹೊರಟೆ. ಒಂದು ಕಾಲು ಹಿಡಿದು ಕೆಡವುವ ಪಟ್ಟಿಗೆ ಇಲ್ಲಿ ಹಾಗನ್ನುತ್ತಾರೆ. ನನ್ನ ಪಟ್ಟು ನಿನಗೆ ಗೊತ್ತೇ ಇದೆ. ದೂರದಿಂದ ನುಗ್ಗಿ ಕಾಲು ಎಳೆದುಕೊಳ್ಳೋದು. ಅದನ್ನೇ ಅವನಿಗೆ ಹೇಳಿಕೊಟ್ಟೆ. ಹತ್ತು ದಿನ. ಹತ್ತು ದಿನವೂ ಎದುರಿನವನು ಕಾಲು ಹಿಂದೆ ಚಾಚಿ ಇವನ ಬೆನ್ನ ಮೇಲೆ ಬೀಳುತ್ತಿದ್ದ. ನಾನು ದನಿ ಏರಿಸುತ್ತಿದ್ದೆ. "ಬೇಗ ಹೋಗು, ಇನ್ನೂ ಬೇಗ!" ಹುಡುಗ ದಿನದಿನಕ್ಕೆ ಮುದುಡಿಕೊಳ್ಳುತ್ತಿದ್ದ.

ಒಂದು ಸಂಜೆ ಮೊಬೈಲ್‌ನಲ್ಲಿ ವಿಡಿಯೋ ತೆಗೆದು ನಿಧಾನಕ್ಕೆ ಓಡಿಸಿ ನೋಡಿದೆ. ತಪ್ಪು ನನ್ನದು, ದೋಸ್ತ. ನನ್ನ ಕೈ ಉದ್ದ, ದೂರದಿಂದಲೂ ಕಾಲು ಸಿಗುತ್ತೆ. ಅವನ ಕೈ ಅಲ್ಲಿಗೆ ಮುಟ್ಟೋದೇ ಇಲ್ಲ. ಮುಟ್ಟಿಸೋಕೆ ಬಗ್ಗುತ್ತಾನೆ, ಬಗ್ಗಿದಾಗ ತಲೆ ಕೆಳಗೆ, ಕಣ್ಣು ನೆಲಕ್ಕೆ. ಇವನು ಮೊದಲು ಹತ್ತಿರ ಹೋಗಬೇಕು. ಮಣಿಕಟ್ಟು ಹಿಡಿದು ಎಳೆಯಬೇಕು, ಎದುರಿನವನು ಒಂದು ಹೆಜ್ಜೆ ಮುಂದೆ ಇಡುವ ಹಾಗೆ ಮಾಡಬೇಕು. ಆ ಹೆಜ್ಜೆ ಬಿದ್ದ ಕೂಡಲೇ ಒಳಗೆ ನುಗ್ಗಬೇಕು.

ಮರುದಿನ ಜೇಬಿನಿಂದ ಕರ್ಚೀಫು ತೆಗೆದು ನಾಲ್ಕು ಮಡಿಕೆ ಮಾಡಿ, ಜೊತೆಗಾರನ ಎರಡು ಪಾದಗಳ ನಡುವೆ ಮ್ಯಾಟ್ ಮೇಲೆ ಇಟ್ಟೆ. "ನಿನ್ನ ಮೊಣಕಾಲು ಇದರ ಮೇಲೆ ಬೀಳಬೇಕು. ಕಾಲು ಹಿಡಿಯೋದು ಸದ್ಯಕ್ಕೆ ಮರೆತುಬಿಡು. ಅವನ ಎದೆ ನೋಡ್ತಾ ಹೋಗು" ಅಂದೆ, ಕನ್ನಡದಲ್ಲೇ. ಮೊದಲ ದಿನ ಕರ್ಚೀಫಿನ ಹಿಂದೆ, ಪಕ್ಕದಲ್ಲಿ, ಎಲ್ಲೆಲ್ಲೋ ಬಿತ್ತು. ನಾಲ್ಕನೇ ದಿನ ಸರಿಯಾಗಿ ಅದರ ಮೇಲೇ ಬಿತ್ತು. ತಲೆ ತಾನಾಗಿ ಮೇಲಿತ್ತು, ಕಿವಿ ಎದುರಿನವನ ಪಕ್ಕೆಲುಬಿಗೆ ಅಂಟಿಕೊಂಡಿತ್ತು, ಕೈ ಹೋಗಿ ಮಂಡಿಯ ಹಿಂದೆ ಬಿಗಿಯಿತು. ಇಷ್ಟು ವರ್ಷದಲ್ಲಿ ನಾನು ಯಾರನ್ನಾದರೂ ಚಿತ್ ಮಾಡಿದಾಗಲೂ ಅಂಥ ಖುಷಿ ಆಗಿರಲಿಲ್ಲ.

ತೂಕದ ವಿಷಯದಲ್ಲಿ ಮಾತ್ರ ಜಗಳವೇ ಆಯಿತು. ಅವನು 17 ವರ್ಷದೊಳಗಿನವರ 48 ಕಿಲೋಗೆ ಆಡಬೇಕಿತ್ತು. ಎರಡು ದಿನ ಮುಂಚೆ ನೋಡಿದರೆ ಒಂದೂವರೆ ಕಿಲೋ ಜಾಸ್ತಿ. ಹುಡುಗ ನೀರು ಬಿಟ್ಟು, ಪ್ಲಾಸ್ಟಿಕ್ ಜಾಕೆಟ್ ಹಾಕಿಕೊಂಡು ಬಿಸಿಲಲ್ಲಿ ಓಡುತ್ತಿದ್ದ. ತುಟಿ ಬೆಳ್ಳಗಾಗಿತ್ತು. ಹೋದ ವರ್ಷ ನಾನೂ ಅದನ್ನೇ ಮಾಡಿದ್ದೆ, ಅದನ್ನು ನೋಡಿಯೇ ಅವನು ಕಲಿತದ್ದು. 1997ರ ಕೊನೆಯಲ್ಲಿ ಅಮೆರಿಕದಲ್ಲಿ ಮೂವರು ಕಾಲೇಜು ಕುಸ್ತಿಪಟುಗಳು ಹೀಗೇ ಬೆವರಿಳಿಸಿ ತೂಕ ಇಳಿಸಲು ಹೋಗಿ ಸತ್ತರು. ಈಗ ಅಲ್ಲಿನ ಹೈಸ್ಕೂಲ್ ಕುಸ್ತಿಯಲ್ಲಿ ವಾರಕ್ಕೆ ಮೈತೂಕದ ಶೇ 1.5ಕ್ಕಿಂತ ಜಾಸ್ತಿ ಇಳಿಸುವ ಹಾಗಿಲ್ಲ. 2024ರ ಪ್ಯಾರಿಸ್‌ನಲ್ಲಿ ವಿನೇಶ್ ಫೋಗಟ್‌ಗೆ ಬರೀ 100 ಗ್ರಾಂನಿಂದ ಫೈನಲ್ ತಪ್ಪಿದಾಗ ನಾವಿಬ್ಬರೂ ಫೋನಿನಲ್ಲಿ ಅತ್ತಿದ್ದು ನೆನಪಿದೆಯಲ್ವಾ? ಅವರ ಜೊತೆ ದೊಡ್ಡ ತಂಡವೇ ಇತ್ತು. ಈ ಹುಡುಗನ ಜೊತೆ ಇರೋದು ನಾನೊಬ್ಬ. ಜಾಕೆಟ್ ಬಿಚ್ಚಿಸಿದೆ, ನೀರು ಕುಡಿಸಿದೆ, ವಸ್ತಾದರಿಗೆ ಹೇಳಿ ಹೆಸರನ್ನು 51ಕ್ಕೆ ಹಾಕಿಸಿದೆ. "ನಿನ್ನಿಂದ ಹುಡುಗ ಸೋಲ್ತಾನೆ" ಅಂದ ಜೊತೆಗಾರನೊಬ್ಬ. ಆ ರಾತ್ರಿ ನಿದ್ದೆ ಬರಲಿಲ್ಲ.

ನಿನ್ನೆ ಪಂದ್ಯ. ಈ ವಯಸ್ಸಿನವರಿಗೆ ಎರಡು ನಿಮಿಷದ ಎರಡು ಸುತ್ತು, ನಡುವೆ 30 ಸೆಕೆಂಡ್ ಬಿಡುವು. ಹೋದ ತಿಂಗಳ ಒಂದು ಪಂದ್ಯದಲ್ಲಿ ಆ 30 ಸೆಕೆಂಡಿನಲ್ಲಿ ಅವನಿಗೆ ಐದು ವಿಷಯ ಹೇಳಿದ್ದೆ. ಕಣ್ಣು ಬಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದ, ಒಂದೂ ಒಳಗೆ ಹೋಗಿರಲಿಲ್ಲ. ಹಾಗಾಗಿ ಈ ಸಲ ಒಂದೇ ಮಾತು ಅಂತ ಮೊದಲೇ ತೀರ್ಮಾನ ಮಾಡಿದ್ದೆ. ಮೊದಲ ಸುತ್ತು 0-4. ಓಡಿ ಬಂದ, ಎದೆ ಬಡಿದುಕೊಳ್ಳುತ್ತಿತ್ತು. ಮುಖ ಒರೆಸಿದೆ, ಉಸಿರು ಇಳಿಯಲಿ ಅಂತ ಬಿಟ್ಟೆ. ಸೀಟಿ ಊದುವ ಮುಂಚೆ ಕಿವಿಯಲ್ಲಿ "ಕರ್ಚೀಫು" ಅಂದೆ. ಅಷ್ಟೇ.

ಮಣಿಕಟ್ಟು ಎಳೆದ. ಎದುರಿನವನ ಹೆಜ್ಜೆ ಮುಂದೆ ಬಿತ್ತು. ಇವನ ಮೊಣಕಾಲು ಒಳಗೆ. ರೆಫ್ರಿ ಎರಡು ಬೆರಳು ಎತ್ತಿದರು, ಎರಡು ಅಂಕ.

ಕೊನೆಗೆ 2-6ರಲ್ಲಿ ಸೋತ. ಎದುರಿನವನು ತೂಕದಲ್ಲೂ ಅನುಭವದಲ್ಲೂ ದೊಡ್ಡವನು. ಅಳುತ್ತಾನೇನೋ ಅಂತ ನನಗೆ ಭಯ. ಮ್ಯಾಟ್ ಇಳಿದವನು ನೇರ ನನ್ನ ಹತ್ತಿರ ಬಂದು, "ಅಣ್ಣಾ, ಮೊಣಕಾಲು ಕರೆಕ್ಟ್ ಜಾಗಕ್ಕೇ ಬಿತ್ತು, ಅಲ್ವಾ?" ಅಂದ. ಬಿತ್ತು ಅಂದೆ. ಆಮೇಲೆ ಇಬ್ಬರೂ ಹೊರಗೆ ಬಂದು ಎರಡೆರಡು ಪ್ಲೇಟ್ ಪೋಹೆ ತಿಂದೆವು.

ಈಗ ನಿನ್ನ ಕೆಲಸ. ಬೆನ್ನ ಮೇಲೆ ಬಿದ್ದವನಿಂದ ಬಿಡಿಸಿಕೊಳ್ಳೋಕೆ ಇವನ ಕುತ್ತಿಗೆಗೆ ಇನ್ನೂ ಬಲ ಸಾಲದು. ಧಾರವಾಡದ ಗರಡಿ ಮನೆಯಲ್ಲಿ ನಮ್ಮ ಅಜ್ಜ ವಸ್ತಾದರು ಟವೆಲ್ ಹಿಡಿಸಿ ಕುತ್ತಿಗೆಗೆ ಒಂದು ಕಸರತ್ತು ಮಾಡಿಸುತ್ತಿದ್ದರಲ್ವಾ? ನನಗೆ ಅರ್ಧ ಮಾತ್ರ ನೆನಪಿದೆ. ಈ ವಯಸ್ಸಿನ ಹುಡುಗನಿಗೆ ಎಷ್ಟು ಸಲ ಮಾಡಿಸಬಹುದು, ಯಾವುದು ಬೇಡ, ಅವರನ್ನೇ ಕೇಳಿ ಬರೆ. ಮಂಗಳವಾರದೊಳಗೆ ಸಿಕ್ಕರೆ ಒಳ್ಳೆಯದು. ಬುಧವಾರ ಬೆಳಿಗ್ಗೆ ಐದೂವರೆಗೆ ಅವನು ತಾಲೀಮಿನ ಬಾಗಿಲಲ್ಲಿ ನಿಂತಿರುತ್ತಾನೆ.

ಅವರ ಕಾಲಿಗೆ ನನ್ನ ನಮಸ್ಕಾರ ಹೇಳು.

ನಿನ್ನ ದೋಸ್ತ